ಹಾಲು ಸಾಲದು ಎಂದವರು ಬಟ್ಟೆ ಎಣಿಸಲಿಲ್ಲ

ಎದೆಹಾಲು ಸಾಲುತ್ತದೋ ಇಲ್ಲವೋ ಎಂಬುದನ್ನು ಕೂಸಿನ ಅಳು ಹೇಳುವುದಿಲ್ಲ. ಬಾಣಂತಿಯ ಮೈಕಟ್ಟೂ ಹೇಳುವುದಿಲ್ಲ. ಹೇಳುವುದು ಕೂಸು ಒದ್ದೆ ಮಾಡಿದ ಬಟ್ಟೆ, ಆಮೇಲೆ ತಕ್ಕಡಿ. ಹೆರಿಗೆಗೆ ಮುಂಚೆ ಇಷ್ಟನ್ನು ಯಾರಾದರೂ ನನಗೆ ಹೇಳಿದ್ದರೆ ಸಾಕಿತ್ತು. ತಿಂಗಳು ತಿಂಗಳೂ ತಪ್ಪದೆ ತಪಾಸಣೆಗೆ ಹೋದವಳು ನಾನು. ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆಯ ಲೆಕ್ಕ ಬರೆದರು, ಸ್ಕ್ಯಾನಿಂಗಿನ ತಾರೀಖು ಬರೆದರು, ಬಿಪಿ ಬರೆದರು. ಕೂಸಿನ ಬಾಯಿಗೆ ಎದೆ ಕೊಡುವುದು ಹೇಗೆಂದು ಕೂರಿಸಿಕೊಂಡು ತೋರಿಸಿದವರು ಒಬ್ಬರೂ ಇಲ್ಲ. ಹೆತ್ತವಳಿಗೆ ಅದು ತಾನಾಗಿ ಬರುತ್ತದೆ ಎಂದು ಆಸ್ಪತ್ರೆಯವರೂ ನಂಬಿದ್ದಾರೆ, ಮನೆಯವರೂ ನಂಬಿದ್ದಾರೆ. ಬರುವುದಿಲ್ಲ. ಅದನ್ನು ಕಲಿಯಬೇಕು, ಗೊತ್ತಿದ್ದವರು ಕಲಿಸಬೇಕು. ಸಾಸ್ವೆಹಳ್ಳಿಯ ತವರುಮನೆಯಲ್ಲಿ ನಾನು ಕಲಿತ ಹಾಗೆ ಇನ್ನೊಬ್ಬ ಹೆಣ್ಣುಮಗಳು ಕಲಿಯುವುದು ಬೇಡವೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸಿಸೇರಿಯನ್. ಯಾಕಾಯಿತು, ಹೇಗಾಯಿತು ಎಂಬ ಕತೆ ಇಲ್ಲಿ ಬೇಡ. ನಗರದ ಒಂದು ಖಾಸಗಿ ನರ್ಸಿಂಗ್ ಹೋಮು. ಬೆನ್ನಿಗೆ ಸೂಜಿ ಚುಚ್ಚಿದ್ದರಿಂದ ಎಚ್ಚರವಾಗಿಯೇ ಇದ್ದೆ. ಮಗಳು ಅತ್ತದ್ದು ಕೇಳಿಸಿತು, ಮುಖ ತೋರಿಸಿ ಒಯ್ದರು. ನನ್ನನ್ನು ವಾರ್ಡಿಗೆ ತಂದು ಮಲಗಿಸಿ ಎಷ್ಟೋ ಹೊತ್ತಿನ ಮೇಲೆ ಅವಳನ್ನು ತಂದು ಪಕ್ಕಕ್ಕೆ ಹಾಕಿದರು. ಗಾಢ ನಿದ್ದೆಯಲ್ಲಿದ್ದಳು. ತುಟಿಯ ಅಂಚಿನಲ್ಲಿ ಬಿಳಿಯದೇನೋ ಒಣಗಿತ್ತು.

"ಪೌಡರ್ ಹಾಲು ಕುಡಿಸಿದೀವಿ ಮೇಡಂ, ನೀವು ರೆಸ್ಟ್ ಮಾಡಿ" ಅಂದರು ಸಿಸ್ಟರ್.

"ಯಾಕೆ ಕುಡಿಸಿದ್ರಿ? ನನ್ನ ಕೇಳಬೇಕಿತ್ತಲ್ಲ?"

"ನಿಮಗಿನ್ನೂ ಹಾಲೇ ಬಂದಿಲ್ವಲ್ಲ."

ನೋಡದೆ, ಮುಟ್ಟದೆ, ಒಂದು ಸಲ ಕೂಸಿನ ಬಾಯಿಗೆ ಕೊಡಿಸದೆ ಹೇಳಿದ ಮಾತು ಅದು. ಆಗ ನನಗೆ ಉತ್ತರ ಗೊತ್ತಿರಲಿಲ್ಲ, ಈಗ ಗೊತ್ತಿದೆ. ಹೆತ್ತ ಮೊದಲೆರಡು ದಿನ ಎದೆ ತುಂಬಿ ಹರಿಯುವ ಹಾಲು ಹೆಚ್ಚಿನವರಿಗೆ ಇರುವುದಿಲ್ಲ. ಬರುವುದು ಹಳದಿ ಬಣ್ಣದ, ಅಂಟಂಟಾದ ಗಿಣ್ಣುಹಾಲು, ಅದೂ ಹನಿ ಹನಿಯಾಗಿ. ಆ ದಿನ ಕೂಸು ಒಂದು ಸಲಕ್ಕೆ ಕುಡಿಯುವುದೂ ಒಂದೆರಡು ಚಮಚೆಯಷ್ಟೇ. ರೋಗ ತಡೆಯುವ ಶಕ್ತಿ ತಾಯಿಯಿಂದ ಕೂಸಿನ ಕರುಳಿಗೆ ಇಳಿಯುವುದು ಆ ಹನಿಗಳಲ್ಲಿ. ಎದೆ ತುಂಬಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಸಿಸೇರಿಯನ್ ಆದವರಿಗೆ ಸ್ವಲ್ಪ ತಡವಾಗಬಹುದು. ಅಷ್ಟರೊಳಗೆ ಕೂಸಿನ ತೂಕ ನೂರಕ್ಕೆ ಏಳರಷ್ಟು, ಕೆಲವೊಮ್ಮೆ ಹತ್ತರಷ್ಟು ಇಳಿಯುವುದೂ ಉಂಟು. ಸುಮಾರು ಎರಡು ವಾರದೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. ಬೆನ್ನಿನ ಸೂಜಿಯ ಸಿಸೇರಿಯನ್ ಆಗಿ ತಾಯಿಯೂ ಕೂಸೂ ಚೆನ್ನಾಗಿದ್ದರೆ ಮೊದಲ ಗಂಟೆಯಲ್ಲೇ ಕೂಸನ್ನು ಎದೆಯ ಮೇಲೆ ಹಾಕಬಹುದು. ಹಾಕಲಿಕ್ಕೆ ಪಕ್ಕದಲ್ಲಿ ನಿಂತು ಹಿಡಿದುಕೊಳ್ಳುವ ಒಬ್ಬರು ಬೇಕು. ಆ ಒಬ್ಬರ ಖರ್ಚು ಉಳಿಸಲು ಪುಡಿಹಾಲಿನ ಡಬ್ಬಿ ತೆರೆಯುತ್ತಾರೆ.

ಡಿಸ್ಚಾರ್ಜ್ ದಿನ ಔಷಧಿ ಚೀಟಿಯಲ್ಲಿ ಅದೇ ಡಬ್ಬಿಯ ಹೆಸರಿತ್ತು. ಕೂಸಿಗೆ ಯಾವ ತೊಂದರೆಗೆ ಎಂದು ಬರೆದಿರಲಿಲ್ಲ. 1981ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆ ಈ ಪುಡಿಹಾಲಿನ ಮಾರಾಟಕ್ಕೆ ಕಟ್ಟುಪಾಡು ಹಾಕಿತು. ನಮ್ಮ ದೇಶ 1992ರಲ್ಲಿ ಕಾನೂನನ್ನೇ ತಂದು 2003ರಲ್ಲಿ ಬಿಗಿ ಮಾಡಿತು. ಶಿಶುವಿನ ಹಾಲುಪುಡಿಗೆ ಜಾಹೀರಾತು ಕೊಡುವಂತಿಲ್ಲ, ಮಾದರಿ ಡಬ್ಬಿ ಪುಕ್ಕಟೆ ಹಂಚುವಂತಿಲ್ಲ, ಆಸ್ಪತ್ರೆಯಲ್ಲಿ ಅದರ ಚಿತ್ರ ತೂಗುಹಾಕುವಂತಿಲ್ಲ, ವೈದ್ಯರಿಗೂ ಸಿಬ್ಬಂದಿಗೂ ಕಂಪನಿ ಉಡುಗೊರೆ ಕೊಡುವಂತಿಲ್ಲ. ತಾಯಿಹಾಲೇ ಶ್ರೇಷ್ಠ ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಬೇಕು. ಅಚ್ಚೇನೋ ಇರುತ್ತದೆ. ಆದರೆ ಆ ಅಚ್ಚಿನ ಡಬ್ಬಿಯನ್ನು ಬಿಳಿ ಕೋಟು ಹಾಕಿದವರೇ ಬರೆದುಕೊಟ್ಟರೆ ಅದನ್ನು ಓದುವವರು ಯಾರು?

ಹಳೆಯ ಕಾಲದವರ ಮೂಢನಂಬಿಕೆಯಿಂದಲೇ ಕೂಸುಗಳಿಗೆ ಮೊದಲ ಹಾಲು ತಪ್ಪುತ್ತದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ದೇಶದಲ್ಲಿ ಶೇ 88.6ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗಿತ್ತು. ಹುಟ್ಟಿದ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ 41.8ರಷ್ಟು ಮಕ್ಕಳಿಗೆ ಮಾತ್ರ. ಆ ಮೊದಲ ಗಂಟೆಯಲ್ಲಿ ಕೂಸು ಇರುವುದು ಅಜ್ಜಿಯ ಕೈಯಲ್ಲಲ್ಲ, ಆಸ್ಪತ್ರೆಯವರ ಕೈಯಲ್ಲಿ. ಹಾಗಾಗಿ ಲೆಕ್ಕವನ್ನು ಮೊದಲು ಅವರೇ ಕೊಡಬೇಕು.

ಮನೆಗೆ ಬಂದ ಮೇಲಿನ ಲೆಕ್ಕ ನಮ್ಮ ದೊಡ್ಡಮ್ಮನದು.

ಅವ್ವನ ಅಕ್ಕ ಅವರು. ನಮ್ಮ ಕುಲದಲ್ಲಿ ಎಷ್ಟೋ ಬಾಣಂತನ ಮಾಡಿದ ಕೈ. ಅವರು ಬಂದರೆಂದರೆ ಅವ್ವ ಅಡುಗೆಮನೆಗೆ ಸರಿದುಬಿಡುತ್ತಾಳೆ. ಬೆಳ್ಳುಳ್ಳಿ ಒಗ್ಗರಣೆಯ ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ, ಅಂಟಿನುಂಡೆ, ಬಿಸಿ ಅನ್ನಕ್ಕೆ ತುಪ್ಪ, ಹಂಡೆ ನೀರಿನ ಸ್ನಾನ, ಸಾಂಬ್ರಾಣಿ ಹೊಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ತಕರಾರು ಇರುವುದು ಅವರ ತೀರ್ಪಿನ ಬಗ್ಗೆ.

ಆಟೋ ಇಳಿದು ಒಳಗೆ ಬಂದು ಆರತಿ ಮಾಡಿಸಿಕೊಂಡು ಕೂತಿದ್ದೆನಷ್ಟೆ, ಕೂಸು ಅತ್ತಿತು. ಎದೆ ಕೊಟ್ಟೆ. ಬಾಟಲಿಯ ರಬ್ಬರು ರೂಢಿಯಾದ ಬಾಯಿ ತೊಟ್ಟಿನ ತುದಿಯನ್ನಷ್ಟೇ ಹಿಡಿದು ಜಗ್ಗಿತು, ಜಾರಿತು, ಮತ್ತೆ ಅತ್ತಿತು. ದೊಡ್ಡಮ್ಮ ಎರಡು ಬೆರಳಲ್ಲಿ ಒತ್ತಿ ನೋಡಿ, ಬಂದ ಹಳದಿ ಹನಿಯನ್ನು ಸೆರಗಿಗೆ ಒರೆಸಿದರು. "ಇದು ಹಾಲಲ್ಲವ್ವ, ಕೀವು ಇದ್ದಂಗೈತೆ. ಕೂಸಿಗೆ ಹೊಟ್ಟೆ ಕೆಡ್ತತಿ. ಒಳ್ಳೆ ಹಾಲು ಇಳಿಯಾಗಂಟ ಡಬ್ಬಿದೇ ಇರ್ಲಿ" ಅಂದರು. ಅಲ್ಲಿಗೆ ತೀರ್ಮಾನವಾಯಿತು. ನೋಡಲು ಬಂದ ನೆಂಟರೆಲ್ಲ ಅದಕ್ಕೆ ರುಜು ಹಾಕಿದರು. ಒಬ್ಬರು ಹುಡುಗಿ ಸಣಕಲು ಎಂದರು, ಒಬ್ಬರು ಓದಿದ ಹುಡುಗಿಯರಿಗೆ ಹಾಲು ಕಮ್ಮಿ ಎಂದರು, ಇನ್ನೊಬ್ಬರು ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಮ್ಮ ಯಜಮಾನರು ಕೆಲಸಕ್ಕೆಂದು ಊರಿಗೆ ಮರಳಿದ್ದವರು ಫೋನಿನಲ್ಲಿ "ದೊಡ್ಡವರು ಹೇಳಿದಂಗೆ ಕೇಳು" ಎಂದರು.

ನಾನು ಹಠ ಬಿಡಲಿಲ್ಲ. ಪ್ರತಿ ಸಲವೂ ಮೊದಲು ಎದೆ, ಆಮೇಲೆ ಬೇಕಾದರೆ ಬಾಟಲಿ ಎಂದೆ. ನಿದ್ದೆ ಹತ್ತಿದ ಗಳಿಗೆಯಲ್ಲಿ ಕೂಸನ್ನು ಒಯ್ದು ಬಾಟಲಿ ಕುಡಿಸಿ ಜೋಲಿಗೆ ಹಾಕಿರುತ್ತಿದ್ದರು. "ಬಾಣಂತಿ ನಿದ್ದೆಗೆಡಬಾರದು" ಎಂಬುದು ಅವರ ಕಾಳಜಿ. ಹೊಟ್ಟೆ ತುಂಬಿ ಮಲಗಿದ ಕೂಸು ಎದೆಗೆ ಬರುವುದಿಲ್ಲ. ಕೂಸು ಬಾರದ ಎದೆಯಿಂದ ಹಾಲು ಖಾಲಿಯಾಗುವುದಿಲ್ಲ. ಖಾಲಿಯಾಗದ ಎದೆ ಮುಂದಿನ ಹಾಲಿನ ತಯಾರಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಲು ಸಾಲದೆಂದು ಬಾಟಲಿ ಬಂತು ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೆ ನಡೆದದ್ದು ತಿರುಗುಮುರುಗು.

ಈಗ ಆ ರಾತ್ರಿಯನ್ನು ಹೇಳಬೇಕು.

ಮುಂಗಾರು ಹಿಡಿದಿತ್ತು. ಮಧ್ಯಾಹ್ನದಿಂದಲೇ ಎರಡೂ ಎದೆ ಬಿಗಿಯಲು ಶುರುವಾಗಿ ಸಂಜೆಗೆ ಕಂಕುಳವರೆಗೂ ಕಟ್ಟಿಕೊಂಡವು. ಚರ್ಮ ಹೊಳೆಯುವಷ್ಟು ಎಳೆದುಕೊಂಡಿತ್ತು. ತೊಟ್ಟು ಚಪ್ಪಟೆಯಾಗಿ ಒಳಗೆ ಸೇರಿಹೋಗಿತ್ತು. ರವಿಕೆ ತಗುಲಿದರೂ ಜೀವ ಹೋದ ಹಾಗಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಚಳಿ ಹತ್ತಿ ಹಲ್ಲು ಕಟಕಟ ಅನ್ನತೊಡಗಿತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ದೊಡ್ಡಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಬಂದೈತೆ. ಇನ್ನು ಆ ಹಾಲು ಕೂಸಿಗೆ ವಿಷ. ಬಾಯಿಗೆ ಕೊಟ್ಟೀಯ ಮತ್ತೆ" ಎಂದು ಕೂಸನ್ನು ಎತ್ತಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಡಬ್ಬಿ ಕೆರೆಯುವ ಸದ್ದು. ಪುಡಿ ಮುಗಿದಿತ್ತು. ಅಳತೆ ಚಮಚೆಗೂ ಸಿಗದಷ್ಟು ತಳದಲ್ಲಿ ಉಳಿದಿತ್ತು, ಅದನ್ನೇ ಒಂದು ಬಾಟಲಿ ನೀರಿಗೆ ಕದಡಿದರು. ಕೂಸು ಕುಡಿದದ್ದನ್ನೆಲ್ಲ ಕಕ್ಕಿತು. ತಮ್ಮ ರೇನ್‌ಕೋಟು ಹಾಕಿಕೊಂಡು ಬೈಕಿನಲ್ಲಿ ಮೆಡಿಕಲ್ ಸ್ಟೋರಿಗೆ ಓಡಿದ. ಬಾಗಿಲು ಹಾಕಿತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಹೊನ್ನಾಳಿಗೆ ಹೋಗಿ ತರುತ್ತೇನೆ ಎಂದು ಹೊರಟವನನ್ನು ಅವ್ವ ಆ ಮಳೆಯಲ್ಲಿ ಬಿಡಲಿಲ್ಲ.

ಕೂಸಿನ ಅಳು ಆ ಮನೆಯ ಹೆಂಚಿಗೆಲ್ಲ ತಾಗುತ್ತಿತ್ತು. ದೊಡ್ಡಮ್ಮ ಸಕ್ಕರೆ ನೀರು ಕಾಯಿಸಿ ಹತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಿದರು. ಹೊಟ್ಟೆನೋವು ಇರಬೇಕೆಂದು ಬಜೆ ಬೇರು ತೇದು ನೆಕ್ಕಿಸಿದರು. ನಾನು ಒಳಕೋಣೆಯಿಂದ "ಇಲ್ಲಿ ತನ್ನಿ ಕೂಸನ್ನ" ಎಂದು ಕೂಗುತ್ತಿದ್ದೆ. ನನ್ನ ಎದೆಯಿಂದ ಹಾಲು ತಾನಾಗಿ ಜಿನುಗಿ ಹೊಟ್ಟೆಯ ಹೊಲಿಗೆಯ ಬಟ್ಟೆ ತೋಯಿಸುತ್ತಿತ್ತು. ಅಲ್ಲಿ ಒಂದು ಗೋಡೆಯಾಚೆ ನನ್ನ ಮಗಳು ಹಸಿವಿನಿಂದ ಸಕ್ಕರೆ ನೀರು ಚೀಪುತ್ತಿದ್ದಳು. ಎದೆಯಲ್ಲಿ ಹಾಲು ಉಕ್ಕುತ್ತಿರುವ ಮನೆಯಲ್ಲಿ ಕೂಸು ಉಪವಾಸ. ಈ ಸಾಲು ಬರೆಯುವಾಗ ಇವತ್ತಿಗೂ ನನ್ನ ಕೈ ನಡುಗುತ್ತದೆ.

ಆಮೇಲೆ ಅಳು ನಿಂತಿತು.

"ನೋಡು, ಬಜೆ ಹೆಂಗೆ ಕೆಲಸ ಮಾಡ್ತು" ಅಂದರು ದೊಡ್ಡಮ್ಮ. ಮನೆಯವರೆಲ್ಲ ಉಸಿರು ಬಿಟ್ಟರು. ನನಗೆ ಮಾತ್ರ ಭಯ ಹತ್ತಿದ್ದು ಆಗ. ಗೋಡೆ ಹಿಡಿದು ಎದ್ದು ಹೋದೆ. ಕೂಸು ಸಪ್ಪೆಯಾಗಿ ಬಿದ್ದಿತ್ತು, ಪಾದಕ್ಕೆ ಬೆರಳಲ್ಲಿ ತಟ್ಟಿದರೆ ಕಣ್ಣು ತೆರೆದು ಮುಚ್ಚಿತು. ಕೆಳಗಿನ ಬಟ್ಟೆ ಮುಟ್ಟಿದೆ, ಒಣಗಿತ್ತು. ಯಾವಾಗ ಬದಲಾಯಿಸಿದಿರಿ ಎಂದೆ. ದೊಡ್ಡಮ್ಮ ಅವ್ವನ ಮುಖ ನೋಡಿದರು, ಅವ್ವ ದೊಡ್ಡಮ್ಮನ ಮುಖ ನೋಡಿದಳು. ಮಧ್ಯಾಹ್ನದ ಬಟ್ಟೆ ಅದು. ನಡುವೆ ಇಟ್ಟಿಗೆ ಬಣ್ಣದ ಸಣ್ಣ ಕಲೆ. ಅಷ್ಟು ಜನ ತುಂಬಿದ್ದ ಮನೆಯಲ್ಲಿ ಎಲ್ಲರೂ ನನ್ನ ಎದೆಯ ಬಗ್ಗೆ ಮಾತಾಡಿದ್ದರು. ಕೂಸು ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ಒಬ್ಬರೂ ಎಣಿಸಿರಲಿಲ್ಲ.

ತಮ್ಮನಿಗೆ ಎರಡು ಕೆಲಸ ಹೇಳಿದೆ. ಒಂದು, 108ರ ಆಂಬುಲೆನ್ಸಿಗೆ ಫೋನ್. ಎರಡು, ಊರಿನ ಆಶಾ ಕಾರ್ಯಕರ್ತೆಗೆ, ಎಲ್ಲರ ಆಶಾ ಅಕ್ಕನಿಗೆ, ಫೋನ್. 108ರವರು ಗಾಡಿ ಬೇರೆ ಕಡೆ ಹೋಗಿದೆ, ಬರುವುದು ತಡವಾಗುತ್ತದೆ ಎಂದರು. ಆಶಾ ಅಕ್ಕ ಎರಡನೇ ರಿಂಗಿಗೆ ಎತ್ತಿದರು. ಕೇಳಿದ ಮೊದಲ ಪ್ರಶ್ನೆಯೇ, "ಕೂಸು ಎಷ್ಟು ಸಲ ಒದ್ದೆ ಮಾಡೈತೆ?" ಹೇಳಿದೆ. "ಎದೆ ಹೆಂಗೈತೆ?" ಅದನ್ನೂ ಹೇಳಿದೆ. "ಹಾಲು ಐತೆ ಕಣವ್ವ, ದಾರಿ ಕಟ್ಟೈತೆ ಅಷ್ಟೆ. ಜ್ವರದ ಹಾಲು ವಿಷ ಅಲ್ಲ. ಗಾಡಿ ಬರೋಗಂಟ ಸುಮ್ಮನೆ ಕೂರಬ್ಯಾಡ, ನಾ ಹೇಳಿದಂಗೆ ಮಾಡು. ಫೋನ್ ಇಡಬ್ಯಾಡ."

ಬಿಸಿನೀರಲ್ಲಿ ಟವೆಲ್ ಹಿಂಡಿ ಎದೆಗೆ ಇಡಿಸಿದರು. ಕಂಕುಳ ಕಡೆಯಿಂದ ತೊಟ್ಟಿನ ಕಡೆಗೆ ಅಂಗೈಯಲ್ಲಿ ಮೆತ್ತಗೆ ಸವರಿಸಿದರು. ಆಮೇಲೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಪ್ಪು ಭಾಗದ ಅಂಚಿಗಿಂತ ಸ್ವಲ್ಪ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಬೇಕು, ಆಮೇಲೆ ಎರಡು ಬೆರಳನ್ನು ಕೂಡಿಸಬೇಕು, ಬಿಡಬೇಕು. ತೊಟ್ಟನ್ನು ಎಳೆಯಬಾರದು, ಚರ್ಮ ಉಜ್ಜಬಾರದು. ಒತ್ತು, ಕೂಡಿಸು, ಬಿಡು. ನೋವಿಗೆ ಕಣ್ಣಲ್ಲಿ ನೀರು ಧಾರಾಕಾರ. ಹಾಲು ಮಾತ್ರ ಇಲ್ಲ.

ಬಾಗಿಲಲ್ಲಿ ಹೆಂಗಸರೆಲ್ಲ ನಿಂತಿದ್ದರು. ದೊಡ್ಡಮ್ಮ "ಕೂಸಿಗೆ ಏನಾರಾ ಆದ್ರೆ ಯಾರು ಜವಾಬ್ದಾರಿ" ಎಂದು ಒಂದೇ ಸಮ ಹೇಳುತ್ತಿದ್ದರು. ಆಗ ಪಡಸಾಲೆಯಲ್ಲಿದ್ದ ಅಪ್ಪ ಮಾತಾಡಿದರು. ಬಾಣಂತಿ ಕೋಣೆಯ ವಿಚಾರಕ್ಕೆ ತಲೆ ಹಾಕುವ ಗಂಡಸಲ್ಲ ಅವರು. ಜೀವಮಾನವೆಲ್ಲ ಹಸು ಕಟ್ಟಿ ಡೈರಿಗೆ ಹಾಲು ಹಾಕಿದವರು. "ಹೊಸಬರು ಬಂದು ನಿಂತ್ರೆ ಹಸೂನೂ ಹಾಲು ಇಳಿಸಲ್ಲ. ಎಲ್ರೂ ಈಚೆ ಬರ್ರಿ. ಅವಳ ಹತ್ರ ಅವ್ವ ಒಬ್ಬಳೇ ಇರ್ಲಿ" ಎಂದರು. ಆ ಧ್ವನಿ ಕೇಳಿ ದೊಡ್ಡಮ್ಮನೂ ಹೊರಗೆ ಹೋದರು.

ವೈದ್ಯರು ಆಮೇಲೆ ವಿವರಿಸಿದ್ದೂ ಅದನ್ನೇ. ಹಾಲು ತಯಾರಾಗುವುದು ಒಂದು ಹಾರ್ಮೋನಿನಿಂದ, ತಯಾರಾದ ಹಾಲು ಹೊರಗಿಳಿಯುವುದು ಇನ್ನೊಂದರಿಂದ. ಹೊರಗಿಳಿಸುವ ಆಕ್ಸಿಟೋಸಿನ್ ಭಯಕ್ಕೆ, ನೋವಿಗೆ, ಅವಮಾನಕ್ಕೆ ತಡೆದು ನಿಲ್ಲುತ್ತದೆ. ಕೂಸಿನ ಸ್ಪರ್ಶಕ್ಕೆ, ವಾಸನೆಗೆ, ಸಮಾಧಾನಕ್ಕೆ ಹರಿಯುತ್ತದೆ. ಹಾಲು ಸಾಲದು ಸಾಲದು ಎಂದು ಬಾಣಂತಿಯ ಎದುರಿಗೆ ನೂರು ಸಲ ಹೇಳಿದರೆ ಆ ಮಾತೇ ಹಾಲನ್ನು ತಡೆಯುತ್ತದೆ.

ಅವ್ವ ಬಾಗಿಲು ಮುಂದೆ ಮಾಡಿ, ಕೂಸಿನ ಬಟ್ಟೆ ಬಿಚ್ಚಿ ನನ್ನ ಬರಿ ಮೈಮೇಲೆ ಮಲಗಿಸಿ ಮೇಲೆ ಸೀರೆ ಹೊದಿಸಿದಳು. ಬೆನ್ನು ನೀವಿದಳು. ಮೊಬೈಲಿನ ಟಾರ್ಚು ಗೋಡೆಗೆ ಆನಿಸಿತ್ತು. ಒತ್ತು, ಕೂಡಿಸು, ಬಿಡು ಎಂದು ಫೋನಿನೊಳಗಿಂದ ಆಶಾ ಅಕ್ಕ ಹೇಳುತ್ತಲೇ ಇದ್ದರು. ಮೊದಲು ಒಂದು ಹನಿ. ಆಮೇಲೆ ಎರಡು. ಆಮೇಲೆ ಎಳೆಯಾಗಿ ಚಿಮ್ಮಿ ಸ್ಟೀಲ್ ಬಟ್ಟಲಿನ ಅಂಚಿಗೆ ಬಡಿದ ಸದ್ದು. ಅವ್ವ ಅತ್ತುಬಿಟ್ಟಳು.

"ಬಾಟಲಿ ಮುಟ್ಟಬ್ಯಾಡ್ರಿ, ಮನೇಲಿ ಒಳಲೆ ಐತಾ?" ಎಂದರು ಆಶಾ ಅಕ್ಕ. ಇತ್ತು. ನಮ್ಮಜ್ಜಿಯ ಕಾಲದ ಬೆಳ್ಳಿಯ ಒಳಲೆ, ನಮಗೆಲ್ಲ ಹರಳೆಣ್ಣೆ ಹಾಕಿದ್ದು, ಅಟ್ಟದ ಟ್ರಂಕಿನಲ್ಲಿ. ತಮ್ಮ ಹುಡುಕಿ ತಂದ, ಅವ್ವ ಕುದಿಯುವ ನೀರಲ್ಲಿ ಹಾಕಿ ತೆಗೆದಳು. ದೊಡ್ಡಾಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ತೂಕ ಕಡಿಮೆಯಿರುವ ಕೂಸುಗಳಿಗೆ ಹಾಲು ಕುಡಿಸುವುದು ಇದೇ ಆಕಾರದ ಸ್ಟೀಲ್ ಪಾತ್ರೆಯಲ್ಲಿ. ಕೂಸಿನ ತಲೆ ಎತ್ತರಿಸಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿದೆವು. ಹಾಲು ಸುರಿಯಲಿಲ್ಲ, ತುಟಿಗೆ ತಾಗುವಷ್ಟೇ ಬಗ್ಗಿಸಿದೆವು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ನಾಲಿಗೆ ಚಾಚಿತು. ಒಂದು ಗುಟುಕು ಕೇಳಿಸಿತು. ಇನ್ನೊಂದು.

ಬಟ್ಟಲು ತುಂಬುತ್ತ ಬಂದ ಹಾಗೆ ಎದೆಯ ಕಪ್ಪು ಭಾಗ ಮೆದುವಾಯಿತು, ತೊಟ್ಟು ಹೊರಗೆ ಬಂತು. ಆಶಾ ಅಕ್ಕ ಹೇಳಿದಂತೆ, ಹೊಲಿಗೆಗೆ ತಾಗದ ಹಾಗೆ ಪಕ್ಕಕ್ಕೆ ಮಲಗಿ, ಕೂಸಿನ ಹೊಟ್ಟೆ ನನ್ನ ಮೈಗೆ ಆನುವಂತೆ ಇಟ್ಟುಕೊಂಡು, ಅದು ಬಾಯಿ ಅಗಲಿಸುವವರೆಗೆ ಕಾದು ಹತ್ತಿರ ಎಳೆದುಕೊಂಡೆ. ಈ ಸಲ ಜಾರಲಿಲ್ಲ. ಗದ್ದ ಎದೆಗೆ ಒತ್ತಿತ್ತು, ಕೆಳತುಟಿ ಹೊರಗೆ ಮಡಚಿತ್ತು, ಕೆನ್ನೆ ಒಳಗೆ ಹೋಗುತ್ತಿರಲಿಲ್ಲ. ಆಂಬುಲೆನ್ಸ್ ಬಂದಾಗ ಅವಳು ಎದೆ ಬಿಟ್ಟಿರಲಿಲ್ಲ. ಹಾಗೆಯೇ ಹೊನ್ನಾಳಿಯ ತಾಲ್ಲೂಕು ಆಸ್ಪತ್ರೆಗೆ ಹೋದೆವು. ದಾರಿಯಲ್ಲೇ ನನ್ನ ಮಡಿಲು ಬೆಚ್ಚಗೆ ಒದ್ದೆಯಾಯಿತು. ಅಷ್ಟು ಸಂತೋಷ ನನಗೆ ಇನ್ಯಾವುದಕ್ಕೂ ಆಗಿಲ್ಲ.

ಡಾಕ್ಟರು ಕೂಸನ್ನು ತೂಗಿದರು, ರಕ್ತದಲ್ಲಿ ಸಕ್ಕರೆ ನೋಡಿದರು, ಕಾಮಾಲೆ ಇದೆಯೇ ಎಂದು ಪರೀಕ್ಷಿಸಿದರು. ನನಗೆ ಎದೆಬಾವು ಶುರುವಾಗಿದೆ ಎಂದು ಜ್ವರದ ಮಾತ್ರೆ, ಸೋಂಕಿಗೆ ಔಷಧ ಕೊಟ್ಟರು. ಈ ಮಾತ್ರೆ ತೆಗೆದುಕೊಂಡು ಹಾಲು ಕೊಡಬಹುದೇ ಎಂದು ಕೇಳಿದೆ. "ಕೊಡಲೇಬೇಕು. ಬಾವು ಇಳಿಯೋಕೆ ಕೂಸಿಗಿಂತ ಒಳ್ಳೆ ಔಷಧಿ ಇಲ್ಲ" ಎಂದರು. ಬೆಳಕು ಹರಿಯುವ ಹೊತ್ತಿಗೆ ಬಟ್ಟೆ ಮತ್ತೆ ಒದ್ದೆಯಾಗಿತ್ತು.

ಅಲ್ಲಿಂದ ಬಾಟಲಿ ಪೂರ್ತಿ ಬಿಡಿಸಲು ವಾರಗಳೇ ಹಿಡಿದವು. ಅದರಲ್ಲಿ ಕತೆಯಿಲ್ಲ, ಬರಿ ದುಡಿಮೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಎದೆಗೆ ಹಾಕಿಕೊಳ್ಳುವುದು, ರಾತ್ರಿಯ ಸರದಿ ತಪ್ಪಿಸದಿರುವುದು, ಕುಡಿದು ಮಿಕ್ಕದ್ದನ್ನು ಹಿಂಡಿ ಒಳಲೆಯಲ್ಲಿ ಕುಡಿಸುವುದು. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತು ಹೆಚ್ಚಿರುತ್ತದಂತೆ, ಅದಕ್ಕೇ ರಾತ್ರಿ ಬಾಟಲಿ ಕೊಟ್ಟು ಬಾಣಂತಿಯನ್ನು ಮಲಗಿಸುವ ಕಾಳಜಿ ದುಬಾರಿಯಾಗುತ್ತದೆ. ಆಶಾ ಅಕ್ಕ ತಮ್ಮ ಚೀಲದ ತಕ್ಕಡಿ ತಂದು ಜೋಲಿಯಲ್ಲಿ ತೂಗುವಾಗ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುವುದು ಅವರ ಕೆಲಸದಲ್ಲೇ ಸೇರಿದೆ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಮೊದಲ ಸಲ ಅವರು ಬಂದಾಗ ಬಾಣಂತಿ ಮಲಗಿದ್ದಾಳೆ ಎಂದು ದೊಡ್ಡಮ್ಮ ಬಾಗಿಲಲ್ಲೇ ಕಳಿಸಿದ್ದರೆಂದು ಆಮೇಲೆ ತಿಳಿಯಿತು.

ಮುಂದಿನ ಆಗಸ್ಟ್‌ನಲ್ಲಿ ಸ್ತನ್ಯಪಾನ ಸಪ್ತಾಹದ ಒಂದು ಸಭೆಗೆ ಮಗಳನ್ನು ಎತ್ತಿಕೊಂಡು ಹೋದೆ. 1990ರ ಆಗಸ್ಟ್ 1ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಹಲವು ಸರ್ಕಾರಗಳು ಸೇರಿ ಎದೆಹಾಲಿನ ಪರವಾಗಿ ಘೋಷಣೆ ಹೊರಡಿಸಿದವು, ಅದರ ನೆನಪಿಗೆ 1992ರಿಂದ ಆಗಸ್ಟ್‌ನ ಮೊದಲ ವಾರ ಈ ಆಚರಣೆ. ವೇದಿಕೆಯ ಮೇಲಿದ್ದ ಅಧಿಕಾರಿ ಎದೆಹಾಲು ಅಮೃತ ಎಂದು ಭಾಷಣ ಮಾಡಿದರು. ನಾನು ಎದ್ದು, ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಾರಣವಿಲ್ಲದೆ ಪುಡಿಹಾಲು ಕೊಟ್ಟರೆ ದೂರು ಯಾರಿಗೆ ಕೊಡಬೇಕು ಎಂದು ಕೇಳಿದೆ. "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ಕೂತ್ಕೊಳ್ಳಿ" ಎಂದರು. ಕಾನೂನು ಬಂದು ಇಷ್ಟು ವರ್ಷವಾದರೂ ದೂರಿನ ವಿಳಾಸ ಹೇಳಲಾಗದ ಅಧಿಕಾರಿಯ ಬಾಯಲ್ಲಿ ಅಮೃತದ ಮಾತು ನನಗೆ ರುಚಿಸಲಿಲ್ಲ. ಆ ಸಭೆಯಲ್ಲಿ ಇದ್ದವರೆಲ್ಲ ಎಳೆಯ ತಾಯಂದಿರು. ಅತ್ತೆಯರಿಲ್ಲ, ದೊಡ್ಡಮ್ಮಂದಿರಿಲ್ಲ, ಗಂಡಂದಿರಿಲ್ಲ. ಮನೆಯಲ್ಲಿ ತೀರ್ಮಾನ ಮಾಡುವವರನ್ನು ಬಿಟ್ಟು ಪಾಲಿಸುವವರಿಗೆ ಬುದ್ಧಿ ಹೇಳಿ ಕಳಿಸುತ್ತಾರೆ. ಯೋಜನೆಗಳ ಕತೆಯೂ ಅಷ್ಟೆ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಅಂಗನವಾಡಿಯಲ್ಲಿ ಬಾಣಂತಿಯರಿಗೆ ಬಿಸಿಯೂಟ ಇದೆ. ಆದರೆ ಹೊಸ್ತಿಲು ದಾಟಬಾರದ ಬಾಣಂತಿ ಅಲ್ಲಿಗೆ ಹೋಗಿ ಉಣ್ಣುವುದು ಹೇಗೆ ಎಂದು ಯೋಚಿಸಿದವರು ಕಡಿಮೆ.

ಇನ್ನು ಹೆರಿಗೆಗೆ ಕಾದಿರುವವರಿಗೆ ನಾಲ್ಕು ಮಾತು.

ಆಸ್ಪತ್ರೆಗೆ ಸೇರುವಾಗಲೇ, ಕಾರಣ ಹೇಳದೆ ಪುಡಿಹಾಲು ಕೊಡಬೇಡಿ, ಮೊದಲ ಗಂಟೆಯಲ್ಲಿ ಕೂಸನ್ನು ನನಗೆ ಕೊಡಿ ಎಂದು ಹೇಳಿ. ಹೇಳಲು ಗಂಡನನ್ನು ಮುಂದೆ ಬಿಡಿ, ಆಗ ನಿಮಗೆ ಶಕ್ತಿಯಿರುವುದಿಲ್ಲ. ಹಳದಿ ಹಾಲನ್ನು ಒಂದು ಹನಿಯೂ ಚೆಲ್ಲಬೇಡಿ.

ಬಟ್ಟೆ ಎಣಿಸಿ. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಹೀಗೆ ಏರುತ್ತ ಹೋಗಿ ಐದಾರು ದಿನಕ್ಕೆ ಆರು ಅಥವಾ ಹೆಚ್ಚು ಒದ್ದೆ ಬಟ್ಟೆ ಆಗಬೇಕು. ಕಪ್ಪು ಮಲ ಹಸಿರಾಗಿ, ನಾಲ್ಕೈದು ದಿನಕ್ಕೆ ಹಳದಿಗೆ ತಿರುಗಬೇಕು. ಇಷ್ಟಿದ್ದು ತೂಕ ಏರುತ್ತಿದ್ದರೆ ಕೂಸು ಎಷ್ಟೇ ಅತ್ತರೂ ಹಾಲು ಸಾಲುತ್ತಿದೆ. ಇಷ್ಟಿಲ್ಲದಿದ್ದರೆ, ಕೂಸು ಎಬ್ಬಿಸಿದರೂ ಏಳದಿದ್ದರೆ, ಮೈ ಹಳದಿಯಾಗುತ್ತಿದ್ದರೆ, ಕುಡಿಯಲು ನಿರಾಕರಿಸಿದರೆ, ಹರಕೆ ಹೊರುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಆರು ತಿಂಗಳು ಎದೆಹಾಲು, ಡಾಕ್ಟರು ಬರೆದ ಔಷಧಿ ಬಿಟ್ಟು ಸಕ್ಕರೆ ನೀರು, ಬಜೆ, ಹಸುವಿನ ಹಾಲು ಏನೂ ಬೇಡ. ಜೇನನ್ನಂತೂ ವರ್ಷ ತುಂಬುವವರೆಗೆ ಮುಟ್ಟಿಸಬೇಡಿ, ಅದರಿಂದ ಕೂಸಿಗೆ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಹಿಂಡಿದ ಹಾಲು ಮುಚ್ಚಿಟ್ಟರೆ ಹೊರಗೆ ನಾಲ್ಕು ಗಂಟೆ ಇರುತ್ತದೆ. ಬಾಯಾರಿದ ಬಾಣಂತಿಗೆ ನೀರು ಕೊಡಿ, ಪಥ್ಯದ ಹೆಸರಲ್ಲಿ ಅರ್ಧ ಲೋಟಕ್ಕೆ ನಿಲ್ಲಿಸಬೇಡಿ.

ಹಾಲು ನಿಜವಾಗಿಯೂ ಕಡಿಮೆ ಇರುವ ತಾಯಂದಿರು ಇದ್ದಾರೆ, ಕಾಯಿಲೆಯಿಂದ ಕೊಡಲಾಗದವರೂ ಇದ್ದಾರೆ. ಅವರ ಕೂಸುಗಳಿಗೆ ಪುಡಿಹಾಲು ಬೇಕಾಗುತ್ತದೆ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಇರುವಂಥ ತಾಯಿಹಾಲಿನ ಬ್ಯಾಂಕು ನಮ್ಮ ಕಡೆಯ ಕೂಸುಗಳಿಗೂ ಕೈಗೆಟುಕಬೇಕು. ಅಂಥ ತಾಯಿಯನ್ನು ಯಾರೂ ಹಂಗಿಸಬಾರದು. ನಾನು ಸಿಟ್ಟಾಗಿರುವುದು ಪರೀಕ್ಷೆ ಮಾಡದೆ ಹಣೆಪಟ್ಟಿ ಹಚ್ಚುವವರ ಮೇಲೆ.

ದೊಡ್ಡಮ್ಮ ಈಗಲೂ ತಮ್ಮ ಮೆಂತ್ಯದ ಗಂಜಿಯಿಂದಲೇ ನನಗೆ ಹಾಲು ಬಂದದ್ದು ಎನ್ನುತ್ತಾರೆ. ಗಂಜಿ ಊಟವಾಗಿ ಒಳ್ಳೆಯದು, ನನ್ನ ಮೈಗೆ ಬಲ ಕೊಟ್ಟಿತು. ಹಾಲು ಬಂದದ್ದು ಕೂಸು ಕುಡಿದದ್ದರಿಂದ. ಈ ಮಾತನ್ನು ಅವರ ಮುಖಕ್ಕೇ ಹೇಳಿದ್ದೇನೆ, ಅವರಿಗೆ ಬೇಸರವೂ ಆಗಿದೆ. ಚಿಕ್ಕಪ್ಪನ ಮಗಳಿಗೆ ಮುಂದಿನ ಸುಗ್ಗಿಗೆ ಹೆರಿಗೆ, ಬಾಣಂತನ ಇದೇ ಮನೆಯಲ್ಲಿ. ದೊಡ್ಡಮ್ಮನೂ ಬರುತ್ತಾರೆ, ಬರಲಿ. ಸ್ನಾನ, ಅಡುಗೆ, ಆರೈಕೆ ಅವರಷ್ಟು ಚೆನ್ನಾಗಿ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ. ಕೂಸಿನ ಬಾಯಿಗೆ ಏನು ಹೋಗಬೇಕು ಎಂಬುದನ್ನು ಮಾತ್ರ ಹೆತ್ತವಳು ಮತ್ತು ಡಾಕ್ಟರು ತೀರ್ಮಾನಿಸುತ್ತಾರೆ. ಆಶಾ ಅಕ್ಕ ಬಂದ ದಿನ ಬಾಗಿಲು ತೆರೆಯುವವಳು ನಾನು.